ಮನೆಯನ್ನು ರಿವರ್ಸ್ ಮಾರ್ಟ್‌ಗೇಜ್‌ಗೆ ಇಟ್ಟು ತಿಂಗಳ ಖರ್ಚು ನಡೆಸಬಹುದೇ?

ಪ್ರಶ್ನೆ: ಬನಶಂಕರಿ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೀಗ 71 ವರ್ಷ. ಅನುದಾನರಹಿತ ಖಾಸಗಿ ಶಾಲೆಯೊಂದರಲ್ಲಿ 28 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಸರ್ಕಾರಿ ಪಿಂಚಣಿ ಇಲ್ಲ; ಭವಿಷ್ಯನಿಧಿಯ ಲೆಕ್ಕದಲ್ಲಿ ತಿಂಗಳಿಗೆ 1,900 ರೂಪಾಯಿ ಪಿಂಚಣಿ ಬರುತ್ತದೆ. ಇದ್ದ ಉಳಿತಾಯ 18 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 12 ಮತ್ತು 6 ಲಕ್ಷದ ಎರಡು ಖಾತೆ ಮಾಡಿ ಇಟ್ಟಿದ್ದೇನೆ. ಶೇ 8.2ರ ದರದಲ್ಲಿ ಅದರ ಬಡ್ಡಿಯನ್ನು ತಿಂಗಳಿಗೆ ಹಂಚಿದರೆ 12,300 ರೂಪಾಯಿ ಆಗುತ್ತದೆ. ಔಷಧಿ, ದಿನಸಿ, ಕೆಲಸದವಳ ಸಂಬಳ, ವರ್ಷಕ್ಕೊಮ್ಮೆ ಬರುವ ಆರೋಗ್ಯ ವಿಮೆಯ ಕಂತು ಎಲ್ಲ ಸೇರಿಸಿದರೆ ಎಷ್ಟೇ ಹಿಡಿದು ಮಾಡಿದರೂ ತಿಂಗಳಿಗೆ 32,000 ಬೇಕು. ಕೊರತೆಯನ್ನು ಸದ್ಯಕ್ಕೆ ಮಗಳು ತುಂಬುತ್ತಿದ್ದಾಳೆ. ಅವಳಿಗೂ ಎರಡು ಮಕ್ಕಳ ಓದಿದೆ.

ನಮ್ಮದು ಬನಶಂಕರಿ ಎರಡನೇ ಹಂತದಲ್ಲಿ 30-40ರ ಸೈಟಿನ ಮನೆ. ಯಜಮಾನರಿಗೆ 1984ರಲ್ಲಿ ಬಿಡಿಎಯಿಂದ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆಯಾದ ಸೈಟು; 1991ರಲ್ಲಿ ಕೆಳಗಿನ ಮನೆ, 2003ರಲ್ಲಿ ಮೇಲಿನ ಮನೆ ಕಟ್ಟಿಸಿದೆವು. ಅವರು ತೀರಿಕೊಂಡು ಮೂರು ವರ್ಷವಾಯಿತು, ಮನೆಯ ಖಾತೆ ಈಗ ನನ್ನ ಹೆಸರಿಗಾಗಿದೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಮೈಸೂರಿನಲ್ಲಿ. ಮನೆ ಕೋಟಿಗಟ್ಟಲೆ ಬಾಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದರೊಳಗೆ ಕುಳಿತವಳು ಹಾಲಿನ ಲೆಕ್ಕ ಬರೆಯುತ್ತಿದ್ದೇನೆ. ರಿವರ್ಸ್ ಮಾರ್ಟ್‌ಗೇಜ್ ಮಾಡಿದರೆ ಬ್ಯಾಂಕೇ ನಮಗೆ ತಿಂಗಳು ತಿಂಗಳು ಹಣ ಕೊಡುತ್ತದೆ, ಸಾಯುವವರೆಗೂ ಅದೇ ಮನೆಯಲ್ಲಿರಬಹುದು ಎಂದು ಕೇಳಿದ್ದೇನೆ. ಇದು ನಿಜವೇ? ಎಷ್ಟು ಹಣ ಬರುತ್ತದೆ, ಅದಕ್ಕೆ ತೆರಿಗೆ ಇದೆಯೇ, ನನ್ನ ನಂತರ ಮನೆ ಏನಾಗುತ್ತದೆ? ಮಗ ಮಾತ್ರ, "ಅದೆಲ್ಲ ಯಾಕಮ್ಮ, ಮನೆ ನನ್ನ ಹೆಸರಿಗೆ ಬರೆದುಬಿಡು, ತಿಂಗಳಿಗೆ ನಾನೇ ಕಳಿಸ್ತೀನಿ" ಎನ್ನುತ್ತಾನೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಸಾಲ ಅಧಿಕಾರಿ

ಮೇಡಂ, ನಮಸ್ಕಾರ. ನಾನು ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದವನು. ಇಂಥ ಅರ್ಜಿ ನನ್ನ ಇಡೀ ಸೇವೆಯಲ್ಲಿ ಮೇಜಿಗೆ ಬಂದದ್ದು ಎರಡೇ ಸಲ, ಮಂಜೂರಾದದ್ದು ಒಂದು. ಆದ್ದರಿಂದ ಶಾಖೆಗೆ ಹೋದಾಗ ಅಲ್ಲಿನವರು ತಬ್ಬಿಬ್ಬಾದರೆ ನೀವು ಧೈರ್ಯಗೆಡಬೇಡಿ.

ಈ ಯೋಜನೆಯನ್ನು 2007-08ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಅವರು ಘೋಷಿಸಿದರು. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲೇ ಮಾರ್ಗಸೂಚಿ ಹೊರಡಿಸಿತು. 60 ವರ್ಷ ದಾಟಿದವರು ತಾವೇ ವಾಸವಿರುವ, ಸ್ವಯಾರ್ಜಿತವಾದ, ಹಕ್ಕುಪತ್ರದಲ್ಲಿ ತೊಡಕಿಲ್ಲದ ಮನೆಯನ್ನು ಅಡಮಾನವಿಟ್ಟರೆ ಬ್ಯಾಂಕು ಒಟ್ಟು ಸಾಲದ ಮಿತಿಯೊಂದನ್ನು ನಿಗದಿ ಮಾಡಿ, ಅದನ್ನು ಕಂತುಕಂತಾಗಿ ಕೊಡುತ್ತದೆ. ಮನೆಯ ಒಡೆತನ ನಿಮ್ಮಲ್ಲೇ ಉಳಿಯುತ್ತದೆ. ನೀವು ಬದುಕಿ ಆ ಮನೆಯಲ್ಲಿ ವಾಸವಿರುವವರೆಗೆ, ಕಂದಾಯ, ವಿಮೆ, ದುರಸ್ತಿಗಳನ್ನು ನೋಡಿಕೊಳ್ಳುತ್ತಿರುವವರೆಗೆ, ಸಾಲ ತೀರಿಸಿ ಎಂದು ಯಾರೂ ಕೇಳುವಂತಿಲ್ಲ. ನಿಮ್ಮ ನಂತರ ಅಸಲು ಬಡ್ಡಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಮೊದಲು ವಾರಸುದಾರರಿಗೆ ಸಿಗುತ್ತದೆ. ಅವರು ಒಲ್ಲೆ ಎಂದರೆ ಬ್ಯಾಂಕು ಮನೆ ಮಾರಿ ತನ್ನ ಬಾಕಿ ಮುರಿದುಕೊಂಡು ಉಳಿದದ್ದನ್ನು ಅವರಿಗೇ ಕೊಡಬೇಕು. ಮಾರಿದ ಹಣ ಬಾಕಿಗೆ ಸಾಲದಿದ್ದರೂ ಕೊರತೆಯನ್ನು ಮಕ್ಕಳಿಂದ ವಸೂಲು ಮಾಡುವಂತಿಲ್ಲ.

ತೆರಿಗೆಯ ಚಿಂತೆ ಬೇಡ. ಈ ಹಣ ಆದಾಯವಲ್ಲ, ಸಾಲ. 1961ರ ಆದಾಯ ತೆರಿಗೆ ಕಾಯ್ದೆಗೆ 2008ರಲ್ಲಿ ಸೇರಿಸಿದ ಸೆಕ್ಷನ್ 10(43) ಇದಕ್ಕೆ ಸ್ಪಷ್ಟ ವಿನಾಯಿತಿ ಕೊಟ್ಟಿತು. ಬಂಡವಾಳ ಲಾಭದ ತೆರಿಗೆಯ ಪ್ರಶ್ನೆ ಏಳುವುದು ಕೊನೆಗೆ ಮನೆ ಮಾರಾಟವಾದಾಗ.

ಈಗ ಹಣದ ಮಾತು. ಜನ ನಿರಾಶರಾಗುವುದು ಇಲ್ಲೇ. ಮನೆಯ ಬೆಲೆ 1 ಕೋಟಿ, ಅದರ ಶೇ 60ರಷ್ಟು, ಅಂದರೆ 60 ಲಕ್ಷ ಸಾಲದ ಮಿತಿ, ಬಡ್ಡಿ ಶೇ 10, ಅವಧಿ 15 ವರ್ಷ ಎಂದಿಟ್ಟುಕೊಳ್ಳಿ. 60 ಲಕ್ಷವನ್ನು 180 ತಿಂಗಳಿಗೆ ಭಾಗಿಸಿ 33,000 ಬರುತ್ತದೆಂದು ಎಲ್ಲರೂ ಎಣಿಸುತ್ತಾರೆ. ಬರುವುದು ಸುಮಾರು 14,476 ಮಾತ್ರ. ಏಕೆಂದರೆ ಆ 60 ಲಕ್ಷ ಎಂಬುದು ಅವಧಿಯ ಕೊನೆಯಲ್ಲಿ ಅಸಲಿನ ಜೊತೆ ಚಕ್ರಬಡ್ಡಿಯೂ ಸೇರಿ ಆಗುವ ಮೊತ್ತ. ನಿಮ್ಮ ಕೈಗೆ ಬರುವುದು ಒಟ್ಟು 26 ಲಕ್ಷದ ಆಸುಪಾಸು, ಉಳಿದ 34 ಲಕ್ಷ ಬಡ್ಡಿ. ಅವಧಿಯನ್ನು 10 ವರ್ಷಕ್ಕಿಳಿಸಿದರೆ ತಿಂಗಳ ಕಂತು 29,290ಕ್ಕೆ ಏರುತ್ತದೆ, 20 ವರ್ಷಕ್ಕೆ ಹಿಗ್ಗಿಸಿದರೆ 7,901ಕ್ಕೆ ಇಳಿಯುತ್ತದೆ. ನಿಮ್ಮ ಮನೆಗೆ ಇದಕ್ಕಿಂತ ಹೆಚ್ಚು ಬೆಲೆ ಬರಬಹುದು, ಆದರೆ ಬ್ಯಾಂಕುಗಳು ತಮ್ಮದೇ ಗರಿಷ್ಠ ಸಾಲದ ಮಿತಿ ಇಟ್ಟುಕೊಂಡಿರುವುದರಿಂದ ಬೆಲೆ ಏರಿದಷ್ಟೂ ಕಂತು ಏರುವುದಿಲ್ಲ. ಒಂದೇ ಗಂಟಾಗಿ ಪಡೆಯುವುದಕ್ಕೂ ಕಡಿವಾಣವಿದೆ: ಮಾರ್ಗಸೂಚಿಯ ಪ್ರಕಾರ ಅರ್ಹ ಮೊತ್ತದ ಅರ್ಧ, ಅದೂ 15 ಲಕ್ಷ ಮೀರದಂತೆ, ವೈದ್ಯಕೀಯ ಖರ್ಚಿಗೆ.

ಇನ್ನೊಂದು ಮುಖ್ಯ ಸಂಗತಿ. ಅವಧಿ ಮುಗಿದ ಮೇಲೆ ಮನೆಯಲ್ಲಿರುವ ಹಕ್ಕು ಮುಂದುವರಿಯುತ್ತದೆ, ಕಂತು ಮುಂದುವರಿಯುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ನಿಮ್ಮ ಮಗ ಅಮೆರಿಕದ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದರೆ ಇದನ್ನು ಅವರಿಗೆ ತಿಳಿಸಿ. ಅಲ್ಲಿ 62 ದಾಟಿದವರಿಗೆ ಸರ್ಕಾರದ ವಿಮೆಯಿರುವ ಯೋಜನೆಯಿದೆ, ಸಾಲಕ್ಕೆ ಮೊದಲು ಸ್ವತಂತ್ರ ಸಲಹೆಗಾರರ ಬಳಿ ಕಡ್ಡಾಯವಾಗಿ ಕೂರಬೇಕು, ಮನೆಯಲ್ಲಿರುವವರೆಗೂ ಕಂತು ಬರುವ ಆಯ್ಕೆಯೂ ಇದೆ. ನಮ್ಮಲ್ಲಿ ಜೀವವಿಮಾ ಕಂಪನಿಯ ಮೂಲಕ ಜೀವನಪರ್ಯಂತ ವರ್ಷಾಶನ ಕೊಡುವ ರೂಪವೊಂದು 2009ರಲ್ಲಿ ಬಂತು, ಆದರೆ ಕೌಂಟರಿನಲ್ಲಿ ಕೇಳಿದ ಕೂಡಲೇ ಸಿಗುವ ಸರಕಲ್ಲ ಅದು.

ಉತ್ತರ: ಮಲ್ಲೇಶ್ವರದ ಸೊಸೆ

ನನ್ನ ಯಜಮಾನರ ಸೋದರತ್ತೆಯವರು ಈ ಸಾಲ ಮಾಡಿದ್ದರಿಂದ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಅತ್ತೆ ಮಾವ ಇಬ್ಬರಿಗೂ ಮಕ್ಕಳಿರಲಿಲ್ಲ. 2010ರಲ್ಲಿ ಇಬ್ಬರ ಹೆಸರಿನಲ್ಲೂ ಸಾಲ ಮಾಡಿ, ತಿಂಗಳಿಗೆ 11,000ದಂತೆ 15 ವರ್ಷಕ್ಕೆ ಒಪ್ಪಂದವಾಯಿತು. ಆಗ ಅಷ್ಟರಲ್ಲಿ ದಿನಸಿ, ಕರೆಂಟು, ಅಡುಗೆಯವರ ಸಂಬಳ ಎಲ್ಲ ಆಗಿ ಪ್ರತಿ ಗುರುವಾರ ಮಠಕ್ಕೆ ಆಟೋದಲ್ಲಿ ಹೋಗಿಬರುವಷ್ಟು ಮಿಗುತ್ತಿತ್ತು. 2020ರ ಹೊತ್ತಿಗೆ ಅದೇ 11,000 ಇಬ್ಬರ ಔಷಧಿಗೆ ಸರಿಹೋಗುತ್ತಿತ್ತು. ಕಂತು ಇದ್ದಲ್ಲೇ ಇತ್ತು, ಮಿಕ್ಕೆಲ್ಲದರ ಬೆಲೆ ಏರಿತು. ಮನೆಯನ್ನು ಐದು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಮಾಡಬೇಕೆಂದು ಮಾರ್ಗಸೂಚಿಯಲ್ಲಿದೆಯಂತೆ. ನಮ್ಮ ಅನುಭವದಲ್ಲಿ ಅದನ್ನು ನಾವೇ ಪತ್ರ ಬರೆದು, ಹಿಂದೆ ಬಿದ್ದು ಕೇಳಬೇಕಾಯಿತು. ಮಾವ ಹೋದಾಗ ಬ್ಯಾಂಕಿನವರು ಕಾಗದಪತ್ರದ ನೆಪದಲ್ಲಿ ನಾಲ್ಕು ತಿಂಗಳು ಕಂತನ್ನೇ ನಿಲ್ಲಿಸಿದರು. ಸಾಲದಲ್ಲಿ ಅತ್ತೆಯೂ ಸಹಭಾಗಿ, ಕಂತು ನಿಲ್ಲಿಸಲು ಕಾರಣವೇ ಇಲ್ಲ ಎಂದು ಹೊಸ ಮ್ಯಾನೇಜರರಿಗೆ ಅರ್ಥಮಾಡಿಸುವಷ್ಟರಲ್ಲಿ ಸಾಕಾಯಿತು.

ಕಳೆದ ವರ್ಷ ಅವಧಿ ಮುಗಿಯಿತು. ಅತ್ತೆಗೆ ಈಗ 86. ಅದೇ ಮನೆಯಲ್ಲಿದ್ದಾರೆ, ಯಾರೂ ಎಬ್ಬಿಸಿಲ್ಲ, ಆ ಮಾತನ್ನು ಬ್ಯಾಂಕು ಉಳಿಸಿಕೊಂಡಿದೆ. ಕಂತು ನಿಂತ ಮೇಲೆ ಖರ್ಚನ್ನು ನಾವು ಮೂರು ಸಂಸಾರದವರು ಹಂಚಿಕೊಂಡಿದ್ದೇವೆ. ಹಾಗೆಂದು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಹದಿನೈದು ವರ್ಷ ಅವರು ಯಾರ ಮುಂದೆಯೂ ಕೈಚಾಚದೆ ಬದುಕಿದರು.

ಉತ್ತರ: ತ್ಯಾಗರಾಜನಗರ

ಇಷ್ಟೆಲ್ಲ ಯಾಕೆ ಬೇಕು? ಮೇಲಿನ ಮನೆಯನ್ನು ಲೀಸ್‌ಗೆ ಕೊಡಿ. ಬೆಂಗಳೂರಿನಲ್ಲಿ 12-15 ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಇರುವವರು ಬೇಕಾದಷ್ಟಿದ್ದಾರೆ. ಆ ಹಣವನ್ನು ಹಿರಿಯ ನಾಗರಿಕರ ಯೋಜನೆಗೇ ಸೇರಿಸಿ. ಅಲ್ಲಿ ಮಿತಿ 30 ಲಕ್ಷದವರೆಗೆ ಇದೆ.

ಬನಶಂಕರಿ ಟೀಚರ್

ಇದನ್ನು ಮೊದಲೇ ಬರೆಯಬೇಕಿತ್ತು, ಸಂಕೋಚವಾಯಿತು. ಮೇಲಿನ ಮನೆ ಆಗಲೇ ಲೀಸ್‌ನಲ್ಲಿದೆ. ಯಜಮಾನರ ಡಯಾಲಿಸಿಸ್ ನಡೆಯುತ್ತಿದ್ದಾಗ ಅವರೇ 12 ಲಕ್ಷಕ್ಕೆ ಭೋಗ್ಯ ಮಾಡಿಕೊಟ್ಟರು. ಆ ಹಣವೆಲ್ಲ ಆಸ್ಪತ್ರೆಗೇ ಹೋಯಿತು. ಕರಾರಿನ ಅವಧಿ ಮುಗಿದಿದ್ದರೂ ಹಿಂದಿರುಗಿಸುವ ದಾರಿ ಕಾಣದೆ ಬಾಡಿಗೆದಾರರನ್ನು ಹಾಗೇ ಮುಂದುವರಿಸಿದ್ದೇನೆ. ಒಳ್ಳೆಯ ಜನ, ತೊಂದರೆ ಕೊಡುವವರಲ್ಲ. ರಿವರ್ಸ್ ಮಾರ್ಟ್‌ಗೇಜ್‌ನಿಂದ ಒಂದು ಗಂಟು ಬಂದರೆ ಅವರ ಹಣವನ್ನೂ ತೀರಿಸಬಹುದೆಂಬ ಆಸೆ ನನಗಿತ್ತು. ಅದು ವೈದ್ಯಕೀಯ ಖರ್ಚಿಗೆ ಮಾತ್ರ ಎಂದು ಮೇಲಿನ ಉತ್ತರದಲ್ಲಿ ಓದಿ ಸ್ವಲ್ಪ ಕುಗ್ಗಿದೆ.

ಉತ್ತರ: ಸಿವಿಲ್ ವಕೀಲ

ಮೇಡಂ, ಹಣದ ಲೆಕ್ಕಕ್ಕೂ ಮೊದಲು ಒಡೆತನದ ಪ್ರಶ್ನೆಯಿದೆ. ಇದುವರೆಗೆ ಯಾರೂ ಅದನ್ನು ಎತ್ತಿಲ್ಲ. ಖಾತೆ ನಿಮ್ಮ ಹೆಸರಿಗೆ ಆಗಿದೆ ಎಂದಿರಿ. ಖಾತೆ ಎಂಬುದು ಕಂದಾಯ ಕಟ್ಟುವವರು ಯಾರೆಂದು ಪಾಲಿಕೆ ಇಟ್ಟುಕೊಳ್ಳುವ ಲೆಕ್ಕ, ಅದರಿಂದ ಹಕ್ಕು ಹುಟ್ಟುವುದಿಲ್ಲ. ನಿಮ್ಮ ಯಜಮಾನರು ಉಯಿಲು ಬರೆದಿದ್ದರೇ? ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಅಂದರೆ ನೀವು ಅಡಮಾನವಿಡಲು ಹೊರಟಿರುವ ಮನೆಯಲ್ಲಿ ಇಂದು ನಿಮ್ಮದಾಗಿರುವುದು ಮೂರನೇ ಒಂದು ಪಾಲು. ಬ್ಯಾಂಕಿನ ವಕೀಲರು ವಂಶವೃಕ್ಷ ನೋಡಿದ ಕೂಡಲೇ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ.

ಪರಿಹಾರ ಕಷ್ಟವೇನಲ್ಲ. ಮಗ ಮತ್ತು ಮಗಳು ತಮ್ಮ ಪಾಲನ್ನು ನಿಮ್ಮ ಪರವಾಗಿ ಬಿಟ್ಟುಕೊಟ್ಟು ಹಕ್ಕು ಖುಲಾಸೆ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕು. ಕುಟುಂಬದೊಳಗಿನ ಖುಲಾಸೆಗೆ ಮುದ್ರಾಂಕ ಶುಲ್ಕ ಕ್ರಯಕ್ಕಿಂತ ತೀರಾ ಕಡಿಮೆ. ಮಗನಿಗೆ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕೆಂಬುದನ್ನು ಮರೆಯಬಾರದು, ಬಹಳ ಜನ ಇಲ್ಲಿ ಎಡವುತ್ತಾರೆ. ಹೀಗೆ ಬಂದ ಮನೆಯನ್ನು "ಸ್ವಯಾರ್ಜಿತ" ಎಂಬ ನಿಯಮದಡಿ ಒಪ್ಪುತ್ತೀರಾ ಎಂದು ಬ್ಯಾಂಕನ್ನು ಅರ್ಜಿ ಹಾಕುವ ಮೊದಲೇ ಲಿಖಿತವಾಗಿ ಕೇಳಿ.

ಭೋಗ್ಯದ ವಿಷಯವೂ ಸಣ್ಣದಲ್ಲ. ನಾವು ಬೆಂಗಳೂರಿನಲ್ಲಿ ಲೀಸ್ ಎಂದು ಕರೆಯುವುದು ಅನೇಕ ಸಲ ಕಾನೂನಿನ ಕಣ್ಣಲ್ಲಿ ಸ್ವಾಧೀನ ಅಡಮಾನವೇ ಆಗಿರುತ್ತದೆ: ಸಾಲಕ್ಕೆ ಬಡ್ಡಿಯ ಬದಲು ಮನೆಯ ಅನುಭೋಗ. ನೋಂದಣಿಯಾಗದೆ ಛಾಪಾ ಕಾಗದದ ಮೇಲಿದ್ದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಅದು ಕಾಣದಿರಬಹುದು, ಆದರೆ ಮೌಲ್ಯಮಾಪಕರು ಮನೆಗೆ ಬಂದಾಗ ಮೇಲಿನವರು ಯಾರು ಎಂದು ಕೇಳದೆ ಇರುವುದಿಲ್ಲ. ಮುಚ್ಚಿಡಬೇಡಿ. 2003ರ ಮೇಲಂತಸ್ತಿಗೆ ನಕ್ಷೆ ಮಂಜೂರಾತಿ ಇದೆಯೇ ಎಂಬುದನ್ನೂ ನೋಡಿ. ಇಲ್ಲದಿದ್ದರೆ ಆ ಭಾಗವನ್ನು ಬೆಲೆಕಟ್ಟುವಾಗ ಬಿಟ್ಟುಬಿಡಬಹುದು.

ಮಗನ ಸಲಹೆಯ ಬಗ್ಗೆ ಒಂದು ಮಾತು. ಅವರ ಮನಸ್ಸಿನಲ್ಲಿ ಕೆಟ್ಟದ್ದಿದೆ ಎಂದು ನಾನು ಹೇಳುತ್ತಿಲ್ಲ. ಆದರೂ ದಾನಪತ್ರ ಮಾಡುವುದೇ ಆದರೆ, ತಾಯಿಯ ಪಾಲನೆ ಪೋಷಣೆ ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಬರೆದಿರಬೇಕು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಸೆಕ್ಷನ್ 23 ಅಂಥ ಷರತ್ತು ಮುರಿದಾಗ ದಾನವನ್ನು ರದ್ದು ಮಾಡಿಸಲು ಅವಕಾಶ ಕೊಡುತ್ತದೆ. ಬಾಯಿಮಾತನ್ನು ನ್ಯಾಯಮಂಡಳಿಯ ಮುಂದೆ ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ದಿನವೂ ನೋಡುತ್ತಿರುತ್ತೇನೆ.

ಉತ್ತರ: ನಿವೃತ್ತ ಸಾಲ ಅಧಿಕಾರಿ

ಭೋಗ್ಯದ ವಿಷಯ ತಿಳಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಮೇಡಂ, ಒಂದು ಪ್ರಶ್ನೆ: ನಿಮ್ಮ ಬೀದಿಯಲ್ಲಿ ಅಂಥ ಮೇಲಿನ ಮನೆಗೆ ತಿಂಗಳ ಬಾಡಿಗೆ ಎಷ್ಟಿದೆ? ದುರಸ್ತಿ, ನಡುವೆ ಖಾಲಿ ಬೀಳುವ ತಿಂಗಳುಗಳು ಎಲ್ಲ ಕಳೆದು 20,000 ಉಳಿಯುತ್ತದೆ ಎಂದುಕೊಳ್ಳೋಣ. ಬಾಡಿಗೆದಾರರ 12 ಲಕ್ಷಕ್ಕೆ ನೀವು ಬಡ್ಡಿ ಕೊಡುತ್ತಿಲ್ಲವೆಂದು ತೋರುತ್ತದೆ, ನಿಜವಾಗಿ ತಿಂಗಳಿಗೆ 20,000 ಬಿಟ್ಟುಕೊಡುತ್ತಿದ್ದೀರಿ. ಇನ್ನೊಂದು ಕಡೆ ಅಂಚೆ ಕಚೇರಿಯಲ್ಲಿರುವ ನಿಮ್ಮ 12 ಲಕ್ಷದ ಖಾತೆ ತಿಂಗಳಿಗೆ 8,200 ದುಡಿಯುತ್ತಿದೆ. ಆ ಖಾತೆಯನ್ನು ಅವಧಿಗೆ ಮುನ್ನ ಮುಚ್ಚಿ (ಎರಡು ವರ್ಷ ದಾಟಿದ್ದರೆ ಕಡಿತ ಶೇ 1, ಅಂದರೆ 12,000 ರೂಪಾಯಿ) ಭೋಗ್ಯ ತೀರಿಸಿ, ಮನೆಯನ್ನು ಬಾಡಿಗೆಗೆ ಕೊಟ್ಟರೆ ನಿಮ್ಮ ತಿಂಗಳ ಆದಾಯ ಬಾಡಿಗೆ 20,000, ಉಳಿದ 6 ಲಕ್ಷದ ಬಡ್ಡಿ 4,100, ಪಿಂಚಣಿ 1,900 ಸೇರಿ 26,000 ಆಗುತ್ತದೆ. ಈಗಿನ 17,800ರ ಕೊರತೆ 6,000ಕ್ಕೆ ಇಳಿಯಿತು, ಅದೂ ಯಾವ ಸಾಲವೂ ಇಲ್ಲದೆ. ಬಾಡಿಗೆ ವರ್ಷ ವರ್ಷ ಅಷ್ಟಿಷ್ಟು ಏರುತ್ತದೆ. ರಿವರ್ಸ್ ಮಾರ್ಟ್‌ಗೇಜ್ ಕಂತು ಏರುವುದಿಲ್ಲ ಎಂಬುದನ್ನು ಮಲ್ಲೇಶ್ವರದವರು ಬರೆದಿದ್ದಾರೆ.

ಇದರಲ್ಲಿ ತೊಡಕಿಲ್ಲವೆಂದಲ್ಲ. ಕೈಯಲ್ಲಿ 6 ಲಕ್ಷ ಮಾತ್ರ ಉಳಿಯುತ್ತದೆ. ಒಂದು ದೊಡ್ಡ ಕಾಯಿಲೆ ಬಂದರೆ ವಿಮೆಯನ್ನೇ ನೆಚ್ಚಬೇಕು. ಹಾಗಾಗಿಯೇ ರಿವರ್ಸ್ ಮಾರ್ಟ್‌ಗೇಜ್ ಅನ್ನು ಕೈಬಿಡಿ ಎನ್ನುತ್ತಿಲ್ಲ, ಮುಂದಕ್ಕೆ ಹಾಕಿ ಎನ್ನುತ್ತಿದ್ದೇನೆ. ವಯಸ್ಸು ಹೆಚ್ಚಿದಷ್ಟೂ ಮನೆಯ ಬೆಲೆಯಲ್ಲಿ ಸಾಲವಾಗಿ ಸಿಗುವ ಪ್ರಮಾಣ ಹೆಚ್ಚುತ್ತದೆ. 76-77ಕ್ಕೆ ಆರಂಭಿಸಿದರೆ 15 ವರ್ಷದ ಅವಧಿ 91ರ ಹತ್ತಿರಕ್ಕೆ ಬರುತ್ತದೆ. ಈಗಲೇ ಆರಂಭಿಸಿದರೆ ನಿಮಗೆ 86 ಆದಾಗ ಕಂತು ನಿಲ್ಲುತ್ತದೆ, 60 ಲಕ್ಷದ ಬಾಕಿ ಶೇ 10ರ ದರದಲ್ಲಿ ಮುಂದಿನ ಹತ್ತು ವರ್ಷಕ್ಕೆ 1.62 ಕೋಟಿ ಮುಟ್ಟುತ್ತದೆ. ಕಾಗದಪತ್ರವನ್ನು ಮಾತ್ರ ವಕೀಲರು ಹೇಳಿದಂತೆ ಈಗಲೇ ಸರಿಮಾಡಿಸಿ. ಆ ಕೆಲಸ 77ಕ್ಕೆ ಮಾಡುವಂಥದ್ದಲ್ಲ. ಆಗಲೂ ಮೇಲಿನ ಮನೆ ಬಾಡಿಗೆಗಿದ್ದರೆ ಒಪ್ಪುತ್ತೀರಾ ಎಂದು ಬ್ಯಾಂಕನ್ನು ಮೊದಲು ಕೇಳಬೇಕಾಗುತ್ತದೆ.

ಬನಶಂಕರಿ ಟೀಚರ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು. ಮಗಳು ಬಂದಿದ್ದಳು, ಇಬ್ಬರೂ ಕೂತು ಟ್ರಂಕ್ ತೆಗೆದೆವು. ಬಿಡಿಎಯ ಲೀಸ್ ಕಮ್ ಸೇಲ್ ಕರಾರು (ಸೈಟನ್ನು ಮೊದಲು ಗುತ್ತಿಗೆಗೆ ಕೊಟ್ಟು ಆಮೇಲೆ ಕ್ರಯ ಮಾಡಿಕೊಡುವ ಕರಾರು), ಸ್ವಾಧೀನ ಪತ್ರ, ಆಮೇಲಿನ ಶುದ್ಧ ಕ್ರಯಪತ್ರ ಎಲ್ಲವನ್ನೂ ಯಜಮಾನರು ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಉಯಿಲು ಇಲ್ಲ. ಅತ್ತೆಯವರು ಯಜಮಾನರಿಗಿಂತ ಮೊದಲೇ ಹೋದವರು, ಆದ್ದರಿಂದ ಪಾಲು ಮೂರೇ. ಮೇಲಂತಸ್ತಿನ ನಕ್ಷೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಇತ್ತೋ ಇಲ್ಲವೋ ಎಂಬುದೇ ಈಗ ನೆನಪಿಲ್ಲ.

ಮಗನಿಗೆ ವಕೀಲರ ಉತ್ತರವನ್ನು ಹಾಗೇ ಕಳಿಸಿದೆ. ಎರಡು ದಿನ ಫೋನ್ ಬರಲಿಲ್ಲ. ಮೂರನೆಯ ದಿನ ಮಾಡಿ, "ನಾನು ಹೇಳಿದ್ದು ನಿನ್ನ ಅನುಕೂಲಕ್ಕೇ ಅಮ್ಮ, ಷರತ್ತು ಬರೆಸಿಕೊಳ್ಳುವಷ್ಟು ದೂರದವನಾದೆನಾ?" ಎಂದ. ನನಗೂ ಗಂಟಲು ಕಟ್ಟಿತು. ಆದರೂ ಅಧಿಕಾರಪತ್ರಕ್ಕೆ ಕಾನ್ಸುಲೇಟಿನಲ್ಲಿ ದಿನ ಗೊತ್ತುಮಾಡಿಕೊಂಡಿದ್ದಾನೆ. ಮಗಳು ಖುಲಾಸೆಗೆ ಆಗಲೇ ಒಪ್ಪಿದ್ದಾಳೆ. ಮೇಲಿನವರು ಮಗುವಿನ ಶಾಲೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಖಾಲಿ ಮಾಡುತ್ತೇವೆ ಎಂದಿದ್ದಾರೆ. ನನ್ನ 12 ಲಕ್ಷದ ಖಾತೆಗೆ ಮಾರ್ಚ್‌ನಲ್ಲಿ ಎರಡು ವರ್ಷ ತುಂಬುವುದರಿಂದ ನನಗೂ ಅದೇ ಅನುಕೂಲ. ಬ್ಯಾಂಕಿನ ಎರಡು ಶಾಖೆಗಳಿಗೆ ಹೋಗಿಬಂದೆ. ಒಂದರಲ್ಲಿ ಅಂಥ ಯೋಜನೆಯೇ ಇಲ್ಲ ಎಂದರು, ಇನ್ನೊಂದರಲ್ಲಿ ಅರ್ಜಿ ಕೊಟ್ಟರು. ತುಂಬದೆ ಕ್ರಯಪತ್ರದ ಬಟ್ಟೆಯಲ್ಲೇ ಕಟ್ಟಿಟ್ಟಿದ್ದೇನೆ.

ವಕೀಲರಿಗೆ ಒಂದು ಕೊನೆಯ ಪ್ರಶ್ನೆ. ಭೋಗ್ಯದ ಹಣ ಹಿಂದಿರುಗಿಸುವಾಗ ಏನು ಬರೆಸಿಕೊಳ್ಳಬೇಕು?

ಉತ್ತರ: ಸಿವಿಲ್ ವಕೀಲ

ನಗದು ಬೇಡ, ಬ್ಯಾಂಕಿನ ಮೂಲಕವೇ ಕೊಡಿ. ಅವರ ಬಳಿಯಿರುವ ಮೂಲ ಕರಾರಿನ ಹಿಂಬದಿಯಲ್ಲಿ, ಪೂರ್ತಿ ಹಣ ಸಂದಾಯವಾಗಿದೆ, ಮನೆಯ ಸ್ವಾಧೀನ ಹಿಂದಿರುಗಿಸಿದ್ದೇವೆ ಎಂದು ದಿನಾಂಕ ಹಾಕಿ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿಸಿ ಆ ಮೂಲಪ್ರತಿಯನ್ನು ನೀವೇ ಇಟ್ಟುಕೊಳ್ಳಿ. ಕರಾರು ನೋಂದಣಿಯಾಗಿದ್ದರೆ ಅದರ ರದ್ದತಿಯನ್ನೂ ನೋಂದಾಯಿಸಬೇಕು. ಬೀಗದ ಕೈ ಮತ್ತು ಹಣ ಒಂದೇ ದಿನ ಕೈಬದಲಾಗಲಿ.